ಲೀಟರಿಗೆ ಹನ್ನೊಂದು ರೂಪಾಯಿ

2012ರ ಏಪ್ರಿಲ್ 2ರಂದು ಗೋವಾದ ಪೆಟ್ರೋಲ್ ಬಂಕುಗಳಲ್ಲಿ ದರ ಒಮ್ಮೆಗೇ ಲೀಟರಿಗೆ ಸುಮಾರು 11 ರೂಪಾಯಿ ಇಳಿಯಿತು. ಕಚ್ಚಾ ತೈಲ ಅಗ್ಗವಾಗಿರಲಿಲ್ಲ, ಕೇಂದ್ರ ತನ್ನ ಅಬಕಾರಿ ಸುಂಕವನ್ನೂ ಕಡಿಮೆ ಮಾಡಿರಲಿಲ್ಲ. ರಾಜ್ಯ ಸರ್ಕಾರ ಪೆಟ್ರೋಲಿನ ಮೇಲಿನ ಮೌಲ್ಯವರ್ಧಿತ ತೆರಿಗೆಯನ್ನು, ಅಂದರೆ ವ್ಯಾಟನ್ನು, ಶೇ 20ರಿಂದ ಶೇ 0.1ಕ್ಕೆ ತಂದಿತ್ತು, ಅಷ್ಟೇ. ಕಾರವಾರದ ಬೈಕು, ಕಾರುಗಳು ಮಾಜಾಳಿ ದಾಟಿ ಪೋಳೆಯಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬರತೊಡಗಿದವು. ಸಿಂಧುದುರ್ಗದ ಕಡೆಯಿಂದಲೂ ಅದೇ ಓಡಾಟ. ಗಡಿಯ ಬಂಕುಗಳಿಗೆ ಸುಗ್ಗಿ.

ಆ ಇಳಿಕೆ ಚುನಾವಣೆಯ ಪ್ರಣಾಳಿಕೆಯಿಂದ ಬಂದದ್ದು. ಮಾರ್ಚ್ 3ರಂದು ಗೋವಾ ಮತ ಹಾಕಿತ್ತು. 40 ಸ್ಥಾನಗಳ ವಿಧಾನಸಭೆಯಲ್ಲಿ 21 ಗೆದ್ದ ಬಿಜೆಪಿಯ ಮನೋಹರ ಪರ್ರೀಕರ್ ಮಾರ್ಚ್ 9ರಂದು ಮುಖ್ಯಮಂತ್ರಿಯಾದರು, ಅದೇ ತಿಂಗಳು ಬಜೆಟ್ ಮಂಡಿಸಿದರು. ಮತ ಹಾಕಿದ ಒಂದೇ ತಿಂಗಳಲ್ಲಿ ಕೊಟ್ಟ ಮಾತು ಪೆಟ್ರೋಲಿನ ಬಿಲ್ಲಿನಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ತೆರಿಗೆಯ ಬಗ್ಗೆ ಜನಮತಗಣನೆ ನಡೆಸುವ ಪದ್ಧತಿ ಇಲ್ಲ. ಒಂದು ತೆರಿಗೆಯ ಭವಿಷ್ಯವನ್ನು ಮತದಾರರೇ ತೀರ್ಮಾನಿಸಿದರು ಎಂದು ಹೇಳಬಹುದಾದ ಪ್ರಸಂಗ ಹುಡುಕಿದರೆ ಗೋವಾದ ಈ ಪೆಟ್ರೋಲ್ ಕಥೆ ಮುಂಚೂಣಿಯಲ್ಲಿ ನಿಲ್ಲುತ್ತದೆ.

ಗೋವಾದಲ್ಲಿ ಪೆಟ್ರೋಲ್ ಸುಖದ ವಸ್ತುವಲ್ಲ. ಊರುಗಳು ಗುಡ್ಡ, ಗದ್ದೆ, ನದಿಗಳ ನಡುವೆ ಚದುರಿಕೊಂಡಿವೆ. ಕದಂಬ ಸಾರಿಗೆಯ ಬಸ್ಸುಗಳಿವೆ, ಖಾಸಗಿ ಬಸ್ಸುಗಳೂ ಇವೆ. ಆದರೆ ಸಂಜೆಯಾದರೆ ಅವು ವಿರಳ. ಹಾಗಾಗಿ ಮನೆಮನೆಯಲ್ಲೂ ಸ್ಕೂಟರು, ರಸ್ತೆ ತಿರುವುಗಳಲ್ಲಿ ಹಳದಿ ಮಡ್‌ಗಾರ್ಡಿನ ಬಾಡಿಗೆ ಬೈಕಿನ ‘ಪೈಲಟ್’ಗಳು. ನೋಂದಾಯಿತ ವಾಹನಗಳ ಸಂಖ್ಯೆ ಜನಸಂಖ್ಯೆಯನ್ನು ಮುಟ್ಟುವಷ್ಟಾಗಿದೆ. ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ದುಡಿಯಲು ಬಂದು ವಾಸ್ಕೋ, ಜುವಾರಿನಗರಗಳಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೂ ಆ ಇಳಿಕೆ ತಿಂಗಳ ಖರ್ಚಿನಲ್ಲಿ ಕಾಣುವಂಥದ್ದೇ. ಜನ ಸಂತೋಷಪಟ್ಟರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಪ್ರಶ್ನೆ ಇರುವುದು ಖೋತಾದಲ್ಲಿ. ಶೇ 20 ತೆರಿಗೆ ಬಿಟ್ಟರೆ ಆ ಹಣವನ್ನು ಎಲ್ಲಿಂದ ತರುವುದು?

ಆಗ ಗೋವಾದ ಬೊಕ್ಕಸಕ್ಕೆ ಕಬ್ಬಿಣದ ಅದಿರಿನ ರಾಯಧನ ದೊಡ್ಡ ಆಸರೆ. ತೆರಿಗೆ ಇಳಿದು ಆರು ತಿಂಗಳು ತುಂಬುವ ಮೊದಲೇ ಆ ಆಸರೆ ಕುಸಿಯಿತು. ಅಕ್ರಮ ಗಣಿಗಾರಿಕೆ ಕುರಿತ ನ್ಯಾಯಮೂರ್ತಿ ಶಾ ಆಯೋಗದ ವರದಿ ಸಂಸತ್ತಿನ ಮುಂದೆ ಬಂದ ಬೆನ್ನಿಗೇ, 2012ರ ಸೆಪ್ಟೆಂಬರ್ 10ರಂದು ರಾಜ್ಯ ಸರ್ಕಾರ ಗಣಿಗಾರಿಕೆಯನ್ನು ಅಮಾನತಿನಲ್ಲಿಟ್ಟಿತು. ಅಕ್ಟೋಬರ್ 5ರಂದು ಸುಪ್ರೀಂ ಕೋರ್ಟ್ ಅದನ್ನು ಪೂರ್ತಿ ನಿಲ್ಲಿಸಿತು. ಸಾಂಗೆ, ಕೆಪೆ, ಬಿಚೋಲಿಗಳಲ್ಲಿ ಟಿಪ್ಪರುಗಳು ಮನೆ ಅಂಗಳದಲ್ಲಿ ನಿಂತವು. ಮಾಂಡವಿಯಲ್ಲಿ ಅದಿರು ಸಾಗಿಸುತ್ತಿದ್ದ ಬಾರ್ಜುಗಳು ಲಂಗರು ಹಾಕಿದವು. 2014ರ ಏಪ್ರಿಲ್‌ನಲ್ಲಿ ನ್ಯಾಯಾಲಯ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿ ಹಾಕಿ ಅನುಮತಿ ಕೊಟ್ಟಿತಾದರೂ, 2018ರ ಫೆಬ್ರುವರಿಯಲ್ಲಿ 88 ಗುತ್ತಿಗೆಗಳ ನವೀಕರಣವನ್ನೇ ರದ್ದುಪಡಿಸಿತು.

ಖೋತಾ ತುಂಬಿಸಲು ಸರ್ಕಾರ ಬೇರೆ ಬಾಗಿಲುಗಳನ್ನು ತಟ್ಟಿತು. 2013ರ ಏಪ್ರಿಲ್‌ನಲ್ಲಿ ಹೊರರಾಜ್ಯದ ವಾಹನಗಳಿಗೆ ಪ್ರವೇಶ ಶುಲ್ಕ ಬಂತು. ಕಾರವಾರ ಮತ್ತು ಸಿಂಧುದುರ್ಗದಲ್ಲಿ ಅದರ ವಿರುದ್ಧ ಪ್ರತಿಭಟನೆಗಳು ನಡೆದವು. ಮಡಗಾಂವಿಗೆ ಆಸ್ಪತ್ರೆಗೆಂದೋ ಮದುವೆಗೆಂದೋ ಹೋಗಿ ಬರುವ ಕಾರವಾರದ ಮನೆತನಗಳಿಗೆ ಗೋವಾ ಎಂದೂ ಪರದೇಶವಾಗಿರಲಿಲ್ಲ. ಗೋವಾದ ಮತದಾರನಿಗೆ ಸಿಕ್ಕ ರಿಯಾಯಿತಿಯ ಒಂದು ಪಾಲನ್ನು, ಗೋವಾದಲ್ಲಿ ಮತವೇ ಇಲ್ಲದ ನೆರೆಯವರಿಂದ ವಸೂಲು ಮಾಡಿದಂತಾಯಿತು. ಅದೇ ವರ್ಷ, ಮಾಲಿನ್ಯ ಉಂಟುಮಾಡುವ ಸರಕುಗಳ ಮೇಲೆ ಹಸಿರು ಉಪಕರ ಹಾಕುವ ಕಾಯಿದೆಯೂ ಬಂತು. ಉದ್ಯಮಗಳು ಅದರ ವಿರುದ್ಧ ಹೈಕೋರ್ಟಿನಲ್ಲಿ ಹೂಡಿದ ದಾವೆ ಹತ್ತು ವರ್ಷ ಎಳೆದು, 2023ರಲ್ಲಿ ಸರ್ಕಾರದ ಪರವಾಗಿ ಮುಗಿಯಿತು.

ಪ್ರವೇಶ ಶುಲ್ಕ ಆಮೇಲೆ ಹೋಯಿತು. ಪೆಟ್ರೋಲಿನ ವ್ಯಾಟ್ ಮಾತ್ರ ಹೋದ ದಾರಿಯಲ್ಲೇ ಹಿಂದಿರುಗಿತು. 2014ರ ಉತ್ತರಾರ್ಧದಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕಚ್ಚಾ ತೈಲ ಅಗ್ಗವಾಗುತ್ತಿದ್ದಂತೆ ತೆರಿಗೆಯನ್ನು ಹಂತಹಂತವಾಗಿ ಏರಿಸುವುದು ಸುಲಭವಾಯಿತು. ಬಂಕಿನ ದರ ಏರದಿದ್ದರೆ ತೆರಿಗೆ ಏರಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಇಳಿಕೆಯ ಮೇಲೆ ಜನ ಮತ ಹಾಕಿದ್ದರು. ಏರಿಕೆಯ ಮೇಲೆ ಯಾರೂ ಮತ ಕೇಳಲಿಲ್ಲ.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಸಂವಿಧಾನದಲ್ಲೇ ಉತ್ತರದ ಒಂದು ಭಾಗವಿದೆ. ಕಾನೂನಿನ ಬಲವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ ಎನ್ನುತ್ತದೆ 265ನೇ ವಿಧಿ. ಅಂದರೆ ತೆರಿಗೆಯ ಅಧಿಕಾರ ಶಾಸಕಾಂಗದ್ದು. ಆದರೆ 207ನೇ ವಿಧಿಯ ಪ್ರಕಾರ ಹೊಸ ತೆರಿಗೆಯ ಮಸೂದೆ ತರಲು ರಾಜ್ಯಪಾಲರ ಶಿಫಾರಸು ಬೇಕು, ಎಂದರೆ ಸರ್ಕಾರವೇ ಅದನ್ನು ತರಬೇಕು. ತೆರಿಗೆ ಇಳಿಸುವ ಅಥವಾ ತೆಗೆದುಹಾಕುವ ತಿದ್ದುಪಡಿಗೆ ಮಾತ್ರ ಆ ಶಿಫಾರಸು ಬೇಕಿಲ್ಲ. ಯಾವ ಶಾಸಕನಾದರೂ ಎದ್ದು ನಿಂತು ಈ ತೆರಿಗೆ ಇಳಿಸಿ ಎಂದು ತಿದ್ದುಪಡಿ ಮಂಡಿಸಬಹುದು. ಏರಿಸಿ ಎಂದು ಮಂಡಿಸಲಾರ. ಸರ್ಕಾರ ಏರಿಸುವುದು, ವಿರೋಧ ಪಕ್ಷ ಇಳಿಸಲು ಒತ್ತಾಯಿಸುವುದು ಎಂಬ ನಮ್ಮ ಬಜೆಟ್ ಅಧಿವೇಶನಗಳ ಪಾತ್ರ ಹಂಚಿಕೆಗೆ ಬೇರು ಇಲ್ಲಿದೆ. ಅಧಿಕಾರ ಕೈಬದಲಾದ ದಿನ ಮಾತುಗಳೂ ಕೈಬದಲಾಗುತ್ತವೆ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ಇಂಧನದ ವ್ಯಾಟ್ ದರ ಬದಲಿಸಲು ಸರ್ಕಾರ ಪ್ರತಿ ಸಲ ಸದನಕ್ಕೆ ಬರಬೇಕಾಗಿಲ್ಲ. ಮೂಲ ಕಾಯಿದೆಯೇ ಕೊಟ್ಟ ಅಧಿಕಾರದ ಮೇಲೆ ಒಂದು ಅಧಿಸೂಚನೆ ಹೊರಡಿಸಿದರೆ ಸಾಕು. ಪರ್ವರಿಯ ವಿಧಾನಸಭಾ ಭವನದಲ್ಲಿ ಚರ್ಚೆ ನಡೆಯುವ ಹೊತ್ತಿಗೆ ಜನ ಹೊಸ ದರ ಕೊಟ್ಟು ವಾರಗಳೇ ಕಳೆದಿರುತ್ತವೆ. ಆ ಅಧಿಸೂಚನೆಗಳ ದಿನಾಂಕಗಳನ್ನು ಚುನಾವಣೆಯ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಬೇಕು. 2021ರ ನವೆಂಬರ್‌ನಲ್ಲಿ ಕೇಂದ್ರವು ಪೆಟ್ರೋಲಿಗೆ 5, ಡೀಸೆಲ್ಲಿಗೆ 10 ರೂಪಾಯಿ ಅಬಕಾರಿ ಸುಂಕ ಇಳಿಸಿದಾಗ ಗೋವಾ ತನ್ನ ಕಡೆಯಿಂದ ಇನ್ನೂ 7 ರೂಪಾಯಿ ಇಳಿಸಿತು. ಮೂರು ತಿಂಗಳ ನಂತರ, 2022ರ ಫೆಬ್ರುವರಿ 14ರಂದು, ಅಲ್ಲಿ ವಿಧಾನಸಭೆಯ ಮತದಾನ ಇತ್ತು. 2024ರ ಜೂನ್ 4ರಂದು ಲೋಕಸಭೆಯ ಫಲಿತಾಂಶ ಬಂತು. ಅದೇ ತಿಂಗಳು ಪ್ರಮೋದ್ ಸಾವಂತ್ ಅವರ ಸರ್ಕಾರ ವ್ಯಾಟ್ ಏರಿಸಿ ಪೆಟ್ರೋಲ್ ಲೀಟರಿಗೆ 1 ರೂಪಾಯಿ, ಡೀಸೆಲ್ 36 ಪೈಸೆ ದುಬಾರಿಯಾಯಿತು. ವಿರೋಧ ಪಕ್ಷಗಳು ಹಿಂಪಡೆಯಿರಿ ಎಂದು ಗಲಾಟೆ ಎಬ್ಬಿಸಿದವು.

ಕರ್ನಾಟಕದವರು ಇದನ್ನು ಓದಿ ಗೋವಾದ ಕಡೆ ಬೆರಳು ತೋರಿಸುವಂತಿಲ್ಲ. ಗೋವಾದ ಆ ಏರಿಕೆಗೆ ಒಂದು ವಾರ ಮೊದಲು, ಜೂನ್ 15ರಂದು, ಕರ್ನಾಟಕ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೂ ಡೀಸೆಲ್ಲಿನದನ್ನು ಶೇ 14.3ರಿಂದ 18.4ಕ್ಕೂ ಏರಿಸಿತ್ತು. ಲೀಟರಿಗೆ ಮೂರು, ಮೂರೂವರೆ ರೂಪಾಯಿಯ ಏಟು. ಅಲ್ಲಿ ಆಳುತ್ತಿದ್ದ ಬಿಜೆಪಿ ಇಲ್ಲಿ ಬೀದಿಗಿಳಿಯಿತು. ಇಲ್ಲಿ ಆಳುತ್ತಿದ್ದ ಕಾಂಗ್ರೆಸ್ ಅಲ್ಲಿ ವಿರೋಧಿಸಿತು. ಎರಡೂ ಸರ್ಕಾರಗಳು ಕೊಟ್ಟ ಸಮಾಧಾನ ಬಹುತೇಕ ಒಂದೇ: ನೆರೆಯ ರಾಜ್ಯಗಳಿಗೆ ಹೋಲಿಸಿದರೆ ನಮ್ಮ ದರ ಕಡಿಮೆ.

ಇಂಧನದ ಮೇಲೆಯೇ ಇಷ್ಟು ಎಳೆದಾಟ ಏಕೆಂದರೆ ರಾಜ್ಯಗಳ ಕೈಯಲ್ಲಿ ಉಳಿದಿರುವ ತೆರಿಗೆಗಳು ಬೆರಳೆಣಿಕೆಯಷ್ಟು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಸರಕು, ಸೇವೆಗಳ ದರ ತೀರ್ಮಾನವಾಗುವುದು ಜಿಎಸ್‌ಟಿ ಮಂಡಳಿಯಲ್ಲಿ. ಪೆಟ್ರೋಲ್, ಡೀಸೆಲ್, ಕುಡಿಯುವ ಮದ್ಯ, ವಾಹನ ತೆರಿಗೆ, ಮುದ್ರಾಂಕ ಶುಲ್ಕ ಇಂಥ ಕೆಲವು ಮಾತ್ರ ರಾಜ್ಯದ ಹಿಡಿತದಲ್ಲಿವೆ. ಅದರಲ್ಲಿ ಮದ್ಯದ ಮೇಲೆ ಗೋವಾ ಮೊದಲಿಂದಲೂ ಕಡಿಮೆ ಸುಂಕ ಹಾಕುತ್ತದೆ, ಕರ್ನಾಟಕ ಹೆಚ್ಚು. ಮಾಜಾಳಿ ಮತ್ತು ಅನಮೋಡದ ತನಿಖಾ ಠಾಣೆಗಳಲ್ಲಿ ಅಬಕಾರಿ ಸಿಬ್ಬಂದಿ ಗೋವಾ ಮದ್ಯದ ಪೆಟ್ಟಿಗೆ ಹಿಡಿಯುವ ಸುದ್ದಿ ಉತ್ತರ ಕನ್ನಡದ ಪತ್ರಿಕೆಗಳಲ್ಲಿ ತಪ್ಪದೇ ಬರುವುದು ಈ ಅಂತರದಿಂದಲೇ.

ಜಿಎಸ್‌ಟಿ ಮಂಡಳಿಯ ಮತದ ಲೆಕ್ಕ ತಿಳಿದಿರಬೇಕಾದದ್ದು. ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗ ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು ಭಾಗ. ನಿರ್ಣಯಕ್ಕೆ ನಾಲ್ಕನೇ ಮೂರರಷ್ಟು ಬೆಂಬಲ ಬೇಕು. ಕೇಂದ್ರ ಒಪ್ಪದೆ ಏನೂ ಆಗದು, ಕೇಂದ್ರವೊಂದರಿಂದಲೂ ಆಗದು. 2011ರ ಜನಗಣತಿಯಲ್ಲಿ 14.58 ಲಕ್ಷ ಜನರಿದ್ದ ಗೋವಾಕ್ಕೂ ಸುಮಾರು 20 ಕೋಟಿ ಜನರಿದ್ದ ಉತ್ತರ ಪ್ರದೇಶಕ್ಕೂ ಅಲ್ಲಿ ಒಂದೇ ತೂಕ.

ಆ ತೂಕದಿಂದ ಗೋವಾ ಗೆದ್ದದ್ದೂ ಇದೆ, ಸೋತದ್ದೂ ಇದೆ. 2019ರ ಸೆಪ್ಟೆಂಬರ್ 20ರಂದು ಮಂಡಳಿಯ 37ನೇ ಸಭೆ ಗೋವಾದಲ್ಲೇ ನಡೆದಾಗ ಹೋಟೆಲ್ ಕೊಠಡಿಗಳ ತೆರಿಗೆ ಇಳಿಯಿತು. ದಿನಕ್ಕೆ 7,500 ರೂಪಾಯಿ ಮೀರಿದ ಕೊಠಡಿಗೆ ಶೇ 28 ಇದ್ದದ್ದು 18 ಆಯಿತು, ಅದಕ್ಕಿಂತ ಕೆಳಗೆ ಶೇ 18 ಕಟ್ಟುತ್ತಿದ್ದವಕ್ಕೆ 12 ಆಯಿತು. ಪ್ರವಾಸಿಗಳನ್ನು ನಂಬಿದ ರಾಜ್ಯಕ್ಕೆ ಅದು ಬೇಕಾಗಿದ್ದ ಉಸಿರು. ಸೋಲು ಬಂದದ್ದು ಕ್ಯಾಸಿನೊ ವಿಚಾರದಲ್ಲಿ.

2023ರ ಜುಲೈ 11ರ 50ನೇ ಸಭೆ ಆನ್‌ಲೈನ್ ಆಟ, ಕುದುರೆ ರೇಸು, ಕ್ಯಾಸಿನೊಗಳ ಪಣದ ಪೂರ್ತಿ ಮೊತ್ತದ ಮೇಲೆ ಶೇ 28 ತೆರಿಗೆ ಎಂದು ನಿರ್ಧರಿಸಿತು. ಗೋವಾದ ಪ್ರತಿನಿಧಿ ಸಚಿವ ಮಾವಿನ್ ಗುದಿನ್ಹೊ ಅವರ ವಾದ, ಕ್ಯಾಸಿನೊಗೆ ಉಳಿಯುವ ಗಳಿಕೆಯ ಮೇಲೆ ಮಾತ್ರ ತೆರಿಗೆ ಇರಲಿ ಎಂಬುದಾಗಿತ್ತು. ಎರಡಕ್ಕೂ ಇರುವ ಅಂತರ ಸಣ್ಣದಲ್ಲ. ಉದಾಹರಣೆಗೆ, ಒಬ್ಬ 10,000 ರೂಪಾಯಿಯ ಚಿಪ್ ಕೊಂಡು ಆಡಿ ಕೊನೆಗೆ 9,000 ವಾಪಸು ಪಡೆದ ಎನ್ನೋಣ. ಗಳಿಕೆಯ ಲೆಕ್ಕದಲ್ಲಿ ತೆರಿಗೆ 280 ರೂಪಾಯಿ, ಪೂರ್ತಿ ಮೊತ್ತದ ಲೆಕ್ಕದಲ್ಲಿ 2,800. ಆಗಸ್ಟ್ 2ರ ಮುಂದಿನ ಸಭೆಯಲ್ಲೂ ಆಕ್ಷೇಪಗಳು ಬಂದವು. ಆಟಕ್ಕಿಳಿಯುವಾಗ ಕಟ್ಟಿದ ಹಣಕ್ಕೆ ಮಾತ್ರ ತೆರಿಗೆ, ಗೆದ್ದ ಹಣದಲ್ಲಿ ಮತ್ತೆ ಆಡಿದರೆ ಅದಕ್ಕಿಲ್ಲ ಎಂಬ ಸ್ಪಷ್ಟನೆ ಸಿಕ್ಕಿತು, ಮೂಲ ತೀರ್ಮಾನ ಬದಲಾಗಲಿಲ್ಲ. ಆ ಅಕ್ಟೋಬರ್ 1ರಿಂದ ಶೇ 28, 2025ರ ಸೆಪ್ಟೆಂಬರ್ 22ರಿಂದ ಶೇ 40.

ಈ ವಾದದಲ್ಲಿ ಗೋವಾದ ಮತದಾರ ಎಲ್ಲಿದ್ದ? ಮಾಂಡವಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳು ತೊಲಗಲಿ ಎಂದು ಪಣಜಿಯ ನಾಗರಿಕರು ವರ್ಷಗಳಿಂದ ಕೇಳುತ್ತಿದ್ದಾರೆ. ಪ್ರತಿ ಚುನಾವಣೆಯಲ್ಲೂ ಸ್ಥಳಾಂತರದ ಮಾತು ಬರುತ್ತದೆ. 2020ರ ಫೆಬ್ರುವರಿ 1ರಿಂದ ಗೋವಾದವರು ಅಲ್ಲಿ ಜೂಜಾಡುವಂತೆಯೂ ಇಲ್ಲ. ಆದರೂ ಅವರ ಸರ್ಕಾರ ದೆಹಲಿಯಲ್ಲಿ ಕ್ಯಾಸಿನೊಗಳ ತೆರಿಗೆ ಭಾರ ತಗ್ಗಿಸಲು ಹೋರಾಡಿತು, ಏಕೆಂದರೆ ಬೊಕ್ಕಸ ಆ ಹಣದ ಮೇಲೆ ನಿಂತಿದೆ. ಪೆಟ್ರೋಲ್ ತೆರಿಗೆ ಬೇಡ, ಗಣಿ ನಿಂತಿದೆ, ಕ್ಯಾಸಿನೊ ಹೋಗಲಿ ಎಂದಾಗ ರಸ್ತೆಗೆ, ಶಾಲೆಗೆ, ಬಾಂಬೋಳಿಯ ಸರ್ಕಾರಿ ಆಸ್ಪತ್ರೆಗೆ ಹಣ ಯಾರದು ಎಂಬ ಪ್ರಶ್ನೆಯನ್ನು ಯಾವ ಪಕ್ಷವೂ ಮತದಾರನ ಮುಂದೆ ಇಡುವುದಿಲ್ಲ. ಮತದಾರ ಉತ್ತರಿಸಲಾರ ಎಂದು ಅವು ಮೊದಲೇ ತೀರ್ಮಾನಿಸಿಕೊಂಡಂತಿದೆ.

ಅವನು ಉತ್ತರಿಸಬಲ್ಲ ಎಂಬುದಕ್ಕೆ ಗೋವಾದ ಚರಿತ್ರೆಯೇ ಸಾಕ್ಷಿ. 1967ರ ಜನವರಿ 16ರಂದು ಅಲ್ಲಿ ನಡೆದ ಜನಾಭಿಪ್ರಾಯ ಸಂಗ್ರಹ ಸ್ವತಂತ್ರ ಭಾರತದ ಅಪರೂಪದ ಘಟನೆ. ಮಹಾರಾಷ್ಟ್ರದೊಂದಿಗೆ ವಿಲೀನವೋ ಅಥವಾ ಕೇಂದ್ರಾಡಳಿತ ಪ್ರದೇಶವಾಗಿ ಉಳಿಯುವುದೋ? ವಿಲೀನಕ್ಕೆ ಹೂವಿನ ಗುರುತು, ಉಳಿಯುವುದಕ್ಕೆ ಎರಡು ಎಲೆ. ಮತದಾನ ನಿಷ್ಪಕ್ಷಪಾತವಾಗಿರಲೆಂದು ವಿಲೀನವಾದಿ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ರಾಜೀನಾಮೆ ಕೊಟ್ಟರು. ಜಾಕ್ ಸಿಕ್ವೇರಾ ಎದುರು ಬಣದ ಮುಂದಾಳು. ಎರಡೆಲೆಗೆ 1,72,191, ಹೂವಿಗೆ 1,38,170 ಮತ ಬಿತ್ತು. ಭಾಷೆ, ಧರ್ಮ, ಜಾತಿ, ನೌಕರಿ ಎಲ್ಲವೂ ಬೆರೆತ ತೊಡಕಿನ ಪ್ರಶ್ನೆ ಅದು. ಜನ ತಿಂಗಳುಗಟ್ಟಲೆ ವಾದಿಸಿ ತೀರ್ಮಾನ ಕೊಟ್ಟರು, ಸೋತವರು ಅದನ್ನು ಒಪ್ಪಿಕೊಂಡರು.

ಹಾಗಾದರೆ ತೆರಿಗೆಯನ್ನೂ ನೇರ ಮತಕ್ಕೆ ಹಾಕಬಹುದಲ್ಲ? ಅಮೆರಿಕದ ಕೆಲವು ರಾಜ್ಯಗಳು ಅದನ್ನೇ ಮಾಡಿವೆ. ಅಲ್ಲಿ ನಿಗದಿತ ಸಂಖ್ಯೆಯ ಸಹಿ ಸಂಗ್ರಹಿಸಿದರೆ ನಾಗರಿಕರೇ ಒಂದು ಕಾನೂನನ್ನು ಮತಪತ್ರದ ಮೇಲೆ ತರಬಹುದು. 1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 13ನೇ ಪ್ರಸ್ತಾವವನ್ನು ಗೆಲ್ಲಿಸಿದರು. ಮನೆ, ಜಮೀನಿನ ತೆರಿಗೆ ಮೌಲ್ಯದ ಶೇ 1ನ್ನು ಮೀರಬಾರದು, ಆ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಬಾರದು, ಶಾಸಕರು ರಾಜ್ಯದ ತೆರಿಗೆ ಏರಿಸಬೇಕಾದರೆ ಮೂರನೇ ಎರಡರಷ್ಟು ಬಹುಮತ ಬೇಕು ಎಂದು ಅದು ವಿಧಿಸಿತು. ಆಸ್ತಿ ತೆರಿಗೆಯ ಆದಾಯ ಒಮ್ಮೆಗೇ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಅದನ್ನು ನಂಬಿದ್ದ ಸ್ಥಳೀಯ ಶಾಲೆಗಳು ರಾಜ್ಯದ ಹಣಕ್ಕೆ ಕೈಚಾಚಬೇಕಾಯಿತು. ಒಂದೇ ಬೀದಿಯ ಒಂದೇ ಬಗೆಯ ಎರಡು ಮನೆಗಳಿಗೆ, ಕೊಂಡ ವರ್ಷ ಬೇರೆ ಎಂಬ ಕಾರಣಕ್ಕೆ, ಹಲವು ಪಟ್ಟು ಅಂತರದ ತೆರಿಗೆ ಬೀಳುತ್ತದೆ.

ವಾಷಿಂಗ್ಟನ್ ರಾಜ್ಯದ ಕಥೆ ಇನ್ನಷ್ಟು ಪಾಠ ಹೇಳುವಂಥದ್ದು. ತೆರಿಗೆ ಏರಿಸಲು ಶಾಸಕಾಂಗದಲ್ಲಿ ಮೂರನೇ ಎರಡರಷ್ಟು ಮತ ಬೇಕೆಂದು ಅಲ್ಲಿನ ಮತದಾರರು 1993ರಿಂದ 2012ರ ನಡುವೆ ಐದು ಬಾರಿ ತೀರ್ಪು ಕೊಟ್ಟರು. ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದವರಲ್ಲಿ ಶಾಸಕರೂ ಇದ್ದರು. ಸಂವಿಧಾನ ಸರಳ ಬಹುಮತ ಸಾಕು ಎನ್ನುವಾಗ ಸಾಮಾನ್ಯ ಕಾನೂನಿನಿಂದ ಅದನ್ನು ಬದಲಿಸಲಾಗದು ಎಂದು 2013ರ ಫೆಬ್ರುವರಿಯಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ನಿಯಮವನ್ನು ತಳ್ಳಿಹಾಕಿತು. ಅದೇ ನ್ಯಾಯಾಲಯ ಒಂದು ವರ್ಷದ ಹಿಂದೆ, ರಾಜ್ಯವು ಶಾಲೆಗಳಿಗೆ ಸಾಕಷ್ಟು ಹಣ ಕೊಡುತ್ತಿಲ್ಲ ಎಂದು ಇನ್ನೊಂದು ತೀರ್ಪು ಕೊಟ್ಟಿತ್ತು.

ಮುಂದೆ ಆದದ್ದನ್ನು ಗೋವಾದವರೂ ಕನ್ನಡಿಗರೂ ಗಮನವಿಟ್ಟು ನೋಡಬೇಕು. 2021ರಲ್ಲಿ ಅಲ್ಲಿನ ಶಾಸಕಾಂಗ, ದೊಡ್ಡ ಮೊತ್ತದ ಬಂಡವಾಳ ಲಾಭದ ಮೇಲೆ ಶೇ 7 ತೆರಿಗೆ ತಂದಿತು. ತೆರಿಗೆ ಇಳಿಸುವ ಪ್ರಸ್ತಾವ ಮತಕ್ಕೆ ಬಂದರೆ, ಅದರಿಂದ ಯಾವ ಸಾರ್ವಜನಿಕ ಸೇವೆಗೆ ಹಣ ಕಡಿಮೆಯಾಗುತ್ತದೆ ಎಂಬುದನ್ನು ಮತಪತ್ರದ ಮೇಲೆಯೇ ಬರೆಯಬೇಕೆಂಬ ಕಾನೂನು 2022ರಲ್ಲಿ ಬಂತು. 2024ರ ನವೆಂಬರ್‌ನಲ್ಲಿ ಬಂಡವಾಳ ಲಾಭದ ತೆರಿಗೆಯನ್ನು ರದ್ದು ಮಾಡುವ ಪ್ರಸ್ತಾವ ಮತಪತ್ರ ಸೇರಿತು. ಶಾಲೆ ಮತ್ತು ಶಿಶುಪಾಲನೆಗೆ ಹಣ ತಗ್ಗುತ್ತದೆ ಎಂಬ ಸಾಲು ಅದರ ಜೊತೆಗಿತ್ತು. ಶೇ 64ರಷ್ಟು ಜನ ರದ್ದತಿ ಬೇಡ ಎಂದರು. ಆ ಒಂದು ಸಾಲಿನಿಂದಲೇ ಹೀಗಾಯಿತು ಎನ್ನಲಾಗದು, ಶ್ರೀಮಂತರ ಮೇಲಿನ ತೆರಿಗೆ ಎಂಬ ಕಾರಣವೂ ಇತ್ತು. ಆದರೆ ಮತದಾರ ಯಾವಾಗಲೂ ತೆರಿಗೆಯ ಶತ್ರು ಎಂಬ ರಾಜಕಾರಣಿಗಳ ನಂಬಿಕೆ ಅಲ್ಲಿ ನಿಲ್ಲಲಿಲ್ಲ.

ಸ್ವಿಟ್ಜರ್ಲೆಂಡಿನಲ್ಲೂ ಆ ನಂಬಿಕೆ ನಿಲ್ಲಲಿಲ್ಲ. ಮೌಲ್ಯವರ್ಧಿತ ತೆರಿಗೆಯನ್ನು ಅಲ್ಲಿನ ಜನ 1977, 1979, 1991ರಲ್ಲಿ ತಿರಸ್ಕರಿಸಿದರು, 1993ರಲ್ಲಿ ಒಪ್ಪಿದರು. 2022ರ ಸೆಪ್ಟೆಂಬರ್‌ನಲ್ಲಿ ವೃದ್ಧರ ಪಿಂಚಣಿಗಾಗಿ ಆ ತೆರಿಗೆಯನ್ನು ಶೇ 7.7ರಿಂದ 8.1ಕ್ಕೆ ಏರಿಸಲು ಶೇ 55ರಷ್ಟು ಮಂದಿ ತಾವಾಗಿಯೇ ಹೌದು ಎಂದರು. ಮತದಾನಕ್ಕೆ ಮುಂಚೆ ಪರ, ವಿರೋಧದ ವಾದಗಳಿರುವ ಪುಸ್ತಿಕೆ ಪ್ರತಿ ಮತದಾರನ ಮನೆಗೆ ಸರ್ಕಾರದಿಂದಲೇ ಹೋಗುತ್ತದೆ.

ಗೋವಾಕ್ಕೆ ಇಂಥ ಚರ್ಚೆ ಪರಕೀಯವೇನಲ್ಲ. ಪೋರ್ಚುಗೀಸರು ಬರುವ ಮೊದಲೇ ಅಲ್ಲಿ ಗಾಂವಕರಿ ಪದ್ಧತಿ ಇತ್ತು. ಊರಿನ ಮೂಲ ಮನೆತನಗಳ ಪ್ರತಿನಿಧಿಗಳು ಕೂಡಿ ಗದ್ದೆಗಳ ಗೇಣಿ, ಉಪ್ಪುನೀರು ತಡೆದು ಸಾಗು ಮಾಡುವ ಖಾಜಣ ಭೂಮಿಯ ಒಡ್ಡುಗಳ ದುರಸ್ತಿ, ಅರಸನಿಗೆ ಊರು ಕಟ್ಟಬೇಕಾದ ಕಂದಾಯದ ಹಂಚಿಕೆ ಇವನ್ನು ತೀರ್ಮಾನಿಸುತ್ತಿದ್ದರು. ಪೋರ್ಚುಗೀಸ್ ಅಧಿಕಾರಿ ಅಫೊನ್ಸೊ ಮೆಶಿಯಾ 1526ರಲ್ಲಿ ಈ ಕಟ್ಟಳೆಗಳನ್ನು ಬರಹಕ್ಕೆ ಇಳಿಸಿದ. ಕೂಲಿಗಳಿಗೆ, ಗೇಣಿದಾರರಿಗೆ, ಹೆಂಗಸರಿಗೆ ಅಲ್ಲಿ ದನಿ ಇರಲಿಲ್ಲ. ಅದನ್ನು ಮರೆತು ಆ ವ್ಯವಸ್ಥೆಯನ್ನು ಹೊಗಳುವುದು ನ್ಯಾಯವಲ್ಲ. ಆದರೆ ಕಂದಾಯವನ್ನೂ ಒಡ್ಡಿನ ಖರ್ಚನ್ನೂ ಒಂದೇ ಕೂಟದಲ್ಲಿ ಇಟ್ಟು ಮಾತಾಡುವ ರೂಢಿ ಅಲ್ಲಿತ್ತು.

ಇಂದು ಆ ಜಾಗದಲ್ಲಿ ಗ್ರಾಮಸಭೆ ಇದೆ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರಾದರೂ ಅಲ್ಲಿ ಎದ್ದು ಕೇಳಬಹುದು. 1994ರ ಗೋವಾ ಪಂಚಾಯತ್ ರಾಜ್ ಕಾಯಿದೆಯಂತೆ ನಡೆಯುವ ಈ ಭಾನುವಾರದ ಸಭೆಗಳು ಹೆಸರಿಗಷ್ಟೇ ನಡೆಯುವಂಥವಲ್ಲ. 2007ರಲ್ಲಿ ಪ್ರಾದೇಶಿಕ ಯೋಜನೆ ಮತ್ತು ವಿಶೇಷ ಆರ್ಥಿಕ ವಲಯಗಳನ್ನು ಸರ್ಕಾರ ಕೈಬಿಡುವಂತೆ ಮಾಡಿದ ಚಳವಳಿಗಳಿಗೆ ಬಲ ಬಂದದ್ದು ಹಳ್ಳಿಗಳಿಂದ. ಮನೆ ತೆರಿಗೆ, ಕಸದ ಶುಲ್ಕ ಏರುವಾಗ ಕಸದ ಗಾಡಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಪಂಚಾಯಿತಿ ಸದಸ್ಯನ ಮುಖ ನೋಡಿ ಕೇಳುವ ಅವಕಾಶ ಅಲ್ಲಿರುತ್ತದೆ. ಪರ್ವರಿಯಲ್ಲಿ ಅಂಥ ಅವಕಾಶ ಇಲ್ಲ, ಇರಬೇಕಿತ್ತು. ಕರ್ನಾಟಕದ ಒಂದು ಕ್ಷೇತ್ರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮತದಾರರಿದ್ದರೆ ಗೋವಾದಲ್ಲಿ ಸರಾಸರಿ ಮೂವತ್ತು ಸಾವಿರಕ್ಕೂ ಕಡಿಮೆ. 2022ರಲ್ಲಿ ಸಾಂತ ಆಂದ್ರೆ ಕ್ಷೇತ್ರದ ಗೆಲುವಿನ ಅಂತರ 76 ಮತ. ಶಾಸಕನನ್ನು ಹೆಸರು ಹಿಡಿದು ಕರೆಯುವಷ್ಟು ಹತ್ತಿರದ ರಾಜ್ಯ ಅದು.

ಪ್ರಣಾಳಿಕೆಯಲ್ಲೇ ಲೆಕ್ಕ ಕೊಡಿ ಎಂಬ ಬೇಡಿಕೆಗೆ ಆಧಾರವೂ ಇದೆ. 2013ರ ಜುಲೈ 5ರಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಉಚಿತ ಕೊಡುಗೆಗಳ ಪ್ರಕರಣದಲ್ಲಿ ಪ್ರಣಾಳಿಕೆಗಳಿಗೆ ಮಾರ್ಗಸೂಚಿ ರೂಪಿಸಲು ಚುನಾವಣಾ ಆಯೋಗಕ್ಕೆ ಸೂಚಿಸಿತು. ಭರವಸೆಗೆ ಹಣ ಹೊಂದಿಸುವ ದಾರಿಯನ್ನು ಸ್ಥೂಲವಾಗಿಯಾದರೂ ಹೇಳಬೇಕು ಎಂಬ ಸಾಲು ಆ ಬಳಿಕ ಮಾದರಿ ನೀತಿಸಂಹಿತೆ ಸೇರಿತು. 2022ರ ಅಕ್ಟೋಬರ್‌ನಲ್ಲಿ ಆಯೋಗ ಒಂದು ಹೆಜ್ಜೆ ಮುಂದೆ ಹೋಗಿ ನಮೂನೆಯೊಂದನ್ನೇ ಸಿದ್ಧಪಡಿಸಿ ಪಕ್ಷಗಳ ಅಭಿಪ್ರಾಯ ಕೇಳಿತು. ಭರವಸೆಯ ಒಟ್ಟು ವೆಚ್ಚ ಎಷ್ಟು, ಅದಕ್ಕೆ ಹೊಸ ತೆರಿಗೆಯೋ, ಸಾಲವೋ, ಬೇರೆ ಖರ್ಚಿನ ಕಡಿತವೋ ಎಂದು ತುಂಬಬೇಕಾದ ನಮೂನೆ ಅದು. ಆಯೋಗಕ್ಕೆ ಈ ಅಧಿಕಾರವೇ ಇಲ್ಲ ಎಂದು ಹಲವು ಪಕ್ಷಗಳು ಆಕ್ಷೇಪಿಸಿದವು. ಗೋವಾ ವಿಧಾನಸಭೆಯ ಅವಧಿ 2027ರ ಆರಂಭದವರೆಗೆ. ಆ ನಮೂನೆಯನ್ನು ತುಂಬಲು ಪಕ್ಷಗಳಿಗೆ ಆಯೋಗದ ಆದೇಶ ಬೇಕಾಗಿಲ್ಲ. ಪೆಟ್ರೋಲಿಗೆ ಇಷ್ಟು ಇಳಿಸುತ್ತೇವೆ ಎಂದು ಮನೆಬಾಗಿಲಿಗೆ ಬರುವ ಅಭ್ಯರ್ಥಿಯ ಕೈಗೆ ಪೆರ್ನೆಯಿಂದ ಕಾಣಕೋಣದವರೆಗಿನ ಯಾವ ಮತದಾರನಾದರೂ ಅದನ್ನು ಕೊಟ್ಟು, ಖಾಲಿ ಇರುವ ಕಾಲಂ ತುಂಬಿಕೊಡಿ ಎನ್ನಬಹುದು.